ನೆಲ ಗಟ್ಟಿಯಿದ್ದರೂ ತೇಲಿದ ಹಾಗೆ: ಆತಂಕ ಬೆರೆತ ತಲೆಸುತ್ತು ಮತ್ತು ಮಾತ್ರೆಯಿಲ್ಲದ ಚಿಕಿತ್ಸೆ

ಒಂದು ಬೆಳಗ್ಗೆ ನಮ್ಮ ಚಿಕ್ಕಮ್ಮ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಇಡೀ ಮನೆ ಬುಗುರಿಯಂತೆ ತಿರುಗಿತು. ಅರ್ಧ ನಿಮಿಷ, ಅಷ್ಟೇ. ಅಷ್ಟರಲ್ಲಿ ಅವರಿಗೆ ಜೀವವೇ ಹೋದಂತಾಗಿತ್ತು. ಕಿವಿ ಡಾಕ್ಟರು ಅವರನ್ನು ಮಲಗಿಸಿ, ತಲೆಯನ್ನು ಒಂದು ಕ್ರಮದಲ್ಲಿ ಹೊರಳಿಸಿ, ಎಬ್ಬಿಸಿ ಕೂರಿಸಿದರು. ಮನೆ ತಿರುಗುವುದು ನಿಂತಿತು.

ಆದರೆ ಬೇರೊಂದು ಶುರುವಾಯಿತು. ನೆಲ ಮೆತ್ತಗೆ ತೇಲಿದ ಹಾಗೆ, ದೋಣಿಯಲ್ಲಿ ನಿಂತ ಹಾಗೆ. ಮಲಗಿದರೆ ಆರಾಮ, ಎದ್ದು ನಿಂತರೆ ಓಲಾಟ. ಸೂಪರ್ ಮಾರ್ಕೆಟ್ಟಿನ ಉದ್ದುದ್ದ ಕಪಾಟುಗಳ ನಡುವೆ ನಡೆದರೆ, ಮೊಬೈಲಿನಲ್ಲಿ ಯಾರಾದರೂ ವಿಡಿಯೋ ಸರಸರ ಸರಿಸುವುದನ್ನು ನೋಡಿದರೆ ಇನ್ನೂ ಜಾಸ್ತಿ. ಬಿಪಿ ನೋಡಿಸಿದೆವು, ಸಕ್ಕರೆ ನೋಡಿಸಿದೆವು, ತಲೆಯ ಎಂಆರ್‌ಐ ಆಯಿತು. ಎಲ್ಲವೂ ನಾರ್ಮಲ್. ಪಿತ್ತ ಜಾಸ್ತಿಯಾಗಿದೆ, ಜೀರಿಗೆ ಕಷಾಯ ಕುಡಿ ಎಂದರು ಒಬ್ಬರು. ಕುತ್ತಿಗೆ ಮೂಳೆ ಸವೆದಿದೆ ಎಂದರು ಇನ್ನೊಬ್ಬರು. "ಏನೂ ಇಲ್ಲ, ಸುಮ್ನೆ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ" ಎಂದು ಒಬ್ಬ ಡಾಕ್ಟರು ಹೇಳಿದ ದಿನ ಚಿಕ್ಕಮ್ಮ ಮನೆಗೆ ಬಂದು ಅತ್ತರು.

ಏನೂ ಇಲ್ಲ ಎನ್ನುವುದು ತಪ್ಪು. ಇದಕ್ಕೊಂದು ಹೆಸರಿದೆ. ಇದು ಯಾಕೆ ಹೀಗಾಗುತ್ತದೆ ಎಂಬ ಬಗ್ಗೆ ಒಳ್ಳೆಯ ತಿಳಿವಳಿಕೆ ಇದೆ. ಮಾತ್ರೆಯಿಲ್ಲದೆ ಮಾಡಬಹುದಾದ ಚಿಕಿತ್ಸೆಯೂ ಇದೆ. ಅದನ್ನು ಆದಷ್ಟು ಬಿಡಿಸಿ ಹೇಳಲು ನೋಡುತ್ತೇನೆ, ಏಕೆಂದರೆ ಆ ವರ್ಷ ನಮಗೆ ಯಾರಾದರೂ ಹೀಗೆ ಹೇಳಬೇಕಿತ್ತು.

ಹೆಸರು ಬರಲು ತಡವಾಯಿತು

ಕಾಯಿಲೆಯ ಪೂರ್ತಿ ಹೆಸರು ಪರ್ಸಿಸ್ಟೆಂಟ್ ಪಾಸ್ಚುರಲ್ ಪರ್ಸೆಪ್ಚುಯಲ್ ಡಿಜಿನೆಸ್. ಡಾಕ್ಟರುಗಳು ಚಿಕ್ಕದಾಗಿ ಪಿಪಿಪಿಡಿ ಅಥವಾ ಟ್ರಿಪಲ್ ಪಿಡಿ ಎನ್ನುತ್ತಾರೆ. ಈ ಹೆಸರು ಹೇಳಬೇಕಾದರೆ ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಬಹುತೇಕ ದಿನಗಳಲ್ಲಿ ತಲೆಸುತ್ತು ಅಥವಾ ಓಲಾಟ ಇರಬೇಕು. ಆದರೆ ಕೋಣೆ ಗಿರಗಿರ ತಿರುಗುವ ಸುತ್ತಲ್ಲ. ನಿಂತಾಗ, ಓಡಾಡುವಾಗ, ಕಣ್ಣೆದುರು ಏನಾದರೂ ಚಲಿಸುವಾಗ ಅಥವಾ ಗಿಜಿಗಿಜಿ ವಿನ್ಯಾಸ ಕಂಡಾಗ ಅದು ಹೆಚ್ಚಾಗಬೇಕು. ಸಮತೋಲನದ ಕಾಯಿಲೆಗಳ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಬಾರಾನಿ ಸೊಸೈಟಿ ಈ ಲಕ್ಷಣಗಳನ್ನು 2017ರಲ್ಲಿ ಪ್ರಕಟಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿಯಲ್ಲೂ ಈಗ ಇದಕ್ಕೆ ಜಾಗವಿದೆ.

ಕಾಯಿಲೆ ಮಾತ್ರ ಹಳೆಯದು. 1871ರಲ್ಲಿ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಎಂಬ ವೈದ್ಯರು ಊರಿನ ದೊಡ್ಡ ಬಯಲುಗಳನ್ನು ದಾಟಲು ಹೆದರುವ ರೋಗಿಗಳ ಬಗ್ಗೆ ಬರೆದರು. ಅದೇ ತೊಂದರೆಯನ್ನು ಒಂದು ವರ್ಷ ಮುಂಚೆ ವಿಯೆನ್ನಾದ ಮೊರಿಟ್ಜ್ ಬೆನೆಡಿಕ್ಟ್ ‘ಬಯಲಿನ ತಲೆಸುತ್ತು’ ಎಂಬರ್ಥದ ಹೆಸರಿನಿಂದ ಕರೆದಿದ್ದರು. ಒಬ್ಬರಿಗೆ ಕಂಡದ್ದು ಭಯ, ಇನ್ನೊಬ್ಬರಿಗೆ ಕಂಡದ್ದು ತಲೆಸುತ್ತು. ಆಮೇಲೆ ಭಯ ಮನೋವೈದ್ಯರ ಪಾಲಿಗೆ ಹೋಯಿತು, ತಲೆಸುತ್ತು ಕಿವಿ ವೈದ್ಯರ ಪಾಲಿಗೆ ಹೋಯಿತು. ನಡುವೆ ಸಿಕ್ಕ ರೋಗಿಗೆ ಎರಡೂ ಬಾಗಿಲಲ್ಲಿ "ನಮ್ಮದಲ್ಲ" ಎಂಬ ಉತ್ತರ. 1986ರಲ್ಲಿ ಜರ್ಮನಿಯ ಥಾಮಸ್ ಬ್ರಾಂಟ್ ಮತ್ತು ಮರಿಯಾನೆ ಡೀಟರಿಶ್ ಎರಡನ್ನೂ ಸೇರಿಸಿ ವಿವರಿಸಿದರು. ಅಲ್ಲಿಂದ 2017ಕ್ಕೆ ಬರಲು ಮತ್ತೆ ಮೂವತ್ತು ವರ್ಷ ಬೇಕಾಯಿತು.

ಕಾಲುಸಂಕದ ಮೇಲಿನ ನಡಿಗೆ

ನೆಟ್ಟಗೆ ನಿಲ್ಲುವುದಕ್ಕೆ ಮಿದುಳಿಗೆ ಮೂರು ಕಡೆಯಿಂದ ಸುದ್ದಿ ಬೇಕು. ಒಂದು ಒಳಕಿವಿ. ಅಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು ತಲೆ ಎತ್ತ ತಿರುಗಿತು ಎಂದು ಹೇಳುತ್ತವೆ. ಪಕ್ಕದಲ್ಲೇ ಇರುವ ಎರಡು ಪುಟ್ಟ ಚೀಲಗಳು ತಲೆ ಎತ್ತ ವಾಲಿದೆ, ಮೇಲೆ ಯಾವುದು ಕೆಳಗೆ ಯಾವುದು ಎಂದು ಹೇಳುತ್ತವೆ. ಎರಡನೆಯದು ಕಣ್ಣು. ಮೂರನೆಯದು ಪಾದ, ಕೀಲು, ಸ್ನಾಯುಗಳು. ಈ ಮೂರೂ ಸುದ್ದಿ ತಾಳೆಯಾದರೆ ನಮಗೆ ಏನೂ ಅನಿಸುವುದಿಲ್ಲ. ನಿಂತಿದ್ದೇವೆ ಎಂಬುದೇ ಮರೆತು ಹೋಗಿರುತ್ತದೆ.

ಮಳೆಗಾಲದಲ್ಲಿ ಮಲೆನಾಡಿನ ಹಳ್ಳದ ಮೇಲಿನ ಕಾಲುಸಂಕ ದಾಟಿದವರಿಗೆ ಮುಂದಿನ ಮಾತು ಬೇಗ ಅರ್ಥವಾಗುತ್ತದೆ. ಎರಡು ಅಡಿಕೆ ಮರದ ದಬ್ಬೆ, ಪಾಚಿ ಕಟ್ಟಿದೆ, ಕೆಳಗೆ ಕೆಂಪು ನೀರು. ಆಗ ಹೇಗೆ ನಡೆಯುತ್ತೇವೆ? ಮೊಣಕಾಲು ಬಿಗಿ, ಕುತ್ತಿಗೆ ಬಿಗಿ, ಪುಟ್ಟ ಹೆಜ್ಜೆ. ಕಣ್ಣು ಹೆಜ್ಜೆಯ ಮೇಲೇ. ಕೈ ಏನಾದರೂ ಹಿಡಿಯಲು ಹುಡುಕುತ್ತಿರುತ್ತದೆ. ಮೈ ಒಂದು ಕೂದಲೆಳೆ ವಾಲಿದರೂ ಎದೆ ಝಲ್ಲೆನ್ನುತ್ತದೆ. ಅಲ್ಲಿ ಅದು ಸರಿ. ಅಪಾಯ ಇರುವಾಗ ಮಿದುಳು ಹಾಗೇ ನಡೆಸಬೇಕು.

ಪಿಪಿಪಿಡಿಯಲ್ಲಿ ಆಗುವುದು ಇದೇ. ಏನೋ ಒಂದು ಘಟನೆ ಮಿದುಳನ್ನು ಸಂಕದ ಮೇಲೆ ಹತ್ತಿಸುತ್ತದೆ. ಒಳಕಿವಿಯ ಹರಳು ಜಾರಿರಬಹುದು, ಕಿವಿಯ ನರಕ್ಕೆ ಸೋಂಕು ತಗುಲಿರಬಹುದು, ಮೈಗ್ರೇನ್ ಇರಬಹುದು, ತಲೆಗೆ ಪೆಟ್ಟು ಬಿದ್ದಿರಬಹುದು, ಇದ್ದಕ್ಕಿದ್ದಂತೆ ಭಯ ಉಕ್ಕುವ ಪ್ಯಾನಿಕ್ ಅಟ್ಯಾಕ್ ಮೊದಲ ಸಲ ಬಂದಿರಬಹುದು. ಆ ಘಟನೆ ಮುಗಿಯುತ್ತದೆ. ಹೆಚ್ಚಿನವರ ಮಿದುಳು ಕೆಲವು ವಾರಗಳಲ್ಲಿ ಸಂಕ ಇಳಿದು ಮಾಮೂಲಿಗೆ ಬರುತ್ತದೆ. ಕೆಲವರದ್ದು ಇಳಿಯುವುದಿಲ್ಲ. ಮನೆಯ ಹಜಾರದ ಗಟ್ಟಿ ನೆಲದ ಮೇಲೂ ಸಂಕದ ನಡಿಗೆಯನ್ನೇ ನಡೆಸುತ್ತದೆ. ಕಿವಿಯ ಮಾತು ನಂಬದೆ ಕಣ್ಣಿಗೇ ಜೋತು ಬೀಳುತ್ತದೆ. ಹಾಗಾಗಿಯೇ ಕಣ್ಣೆದುರಿಗೆ ಜನ, ವಾಹನ, ಪಟ್ಟೆ ಪಟ್ಟೆ ಟೈಲ್ಸ್ ಬಂದರೆ ತಾನೇ ಚಲಿಸಿದಂತೆ ಅನಿಸುತ್ತದೆ. ನಿಂತಾಗ ಎಲ್ಲರ ಮೈಯೂ ಸ್ವಲ್ಪ ಓಲಾಡುತ್ತಲೇ ಇರುತ್ತದೆ. ಉಳಿದವರ ಮಿದುಳು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಇವರದ್ದು ಪ್ರತಿ ಓಲಾಟಕ್ಕೂ ಗಂಟೆ ಬಾರಿಸುತ್ತದೆ.

ಆತಂಕ ಇಲ್ಲಿ ಹೇಗೆ ಸೇರುತ್ತದೆ? ಸಮತೋಲನದ ಸುದ್ದಿ ಸಾಗುವ ನರಮಾರ್ಗಗಳೂ ಭಯವನ್ನು ನಡೆಸುವ ಮಾರ್ಗಗಳೂ ಮಿದುಳಿನ ಕಾಂಡದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ತಲೆ ತಿರುಗಿದರೆ ಭಯ ಹುಟ್ಟುತ್ತದೆ, ಭಯವಾದರೆ ತಲೆ ತಿರುಗುತ್ತದೆ. ಜೊತೆಗೆ, ಹೆದರಿದಾಗ ಉಸಿರು ಬೇಗಬೇಗ ಓಡುತ್ತದೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರ, ತುಟಿ ಬೆರಳು ಜುಮು ಜುಮು. ಅದು ಇನ್ನಷ್ಟು ಹೆದರಿಸುತ್ತದೆ.

ಆದರೆ ಎಲ್ಲರಲ್ಲೂ ಆತಂಕವೇ ಮೊದಲು ಬಂದಿರುತ್ತದೆ ಎಂದಲ್ಲ. ಅಮೆರಿಕದ ಜೆಫ್ರಿ ಸ್ಟಾಬ್ ಮತ್ತು ಮೈಕೆಲ್ ರುಕೆನ್‌ಸ್ಟೀನ್ 2003ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದಾಗ ಮೂರು ಗುಂಪು ಕಂಡವು, ಹೆಚ್ಚುಕಡಿಮೆ ಸಮಪಾಲು. ಆತಂಕದಿಂದಲೇ ತಲೆಸುತ್ತು ಬಂದವರು, ಮೊದಲೇ ಆತಂಕವಿದ್ದು ಕಿವಿಯ ತೊಂದರೆಯಿಂದ ಉಲ್ಬಣಿಸಿದವರು, ಆತಂಕದ ಗಾಳಿಯೇ ಇಲ್ಲದೆ ಬರೀ ಕಿವಿಯ ತೊಂದರೆಯಿಂದ ಶುರುವಾಗಿ ಆಮೇಲೆ ಹೆದರಿಕೆಗೆ ಬಿದ್ದವರು. ಚಿಕ್ಕಮ್ಮ ಮೂರನೆಯ ಗುಂಪು. ಹಾಗಾಗಿ "ನೀನು ಮೊದಲಿಂದಲೂ ಪುಕ್ಕಲು" ಎಂಬ ಮಾತು ಮನೆಯಲ್ಲಿ ಬರಬಾರದು. ಅದು ಸುಳ್ಳೂ ಹೌದು, ನೋವೂ ಹೌದು.

ಮೊದಲು ಬೇರೆ ಕಾರಣ ಇಲ್ಲವೆಂದು ಖಚಿತವಾಗಲಿ

ತಲೆಸುತ್ತಿನ ಜೊತೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ಒಂದು ಕೈಕಾಲು ಸೋತರೆ, ಎರಡೆರಡು ಕಂಡರೆ, ನಡೆಯಲಿಕ್ಕೇ ಆಗದಿದ್ದರೆ, ಎಂದೂ ಇಲ್ಲದ ತಲೆನೋವು ಬಂದರೆ, ಎದೆನೋವು ಬಂದರೆ, ಪ್ರಜ್ಞೆ ತಪ್ಪಿದರೆ ಅಥವಾ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದೆ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಬರೆದದ್ದು ಆಗ ಅನ್ವಯಿಸುವುದಿಲ್ಲ.

ಮಗ್ಗುಲಾದಾಗ ಮಾತ್ರ ಒಂದು ನಿಮಿಷದೊಳಗಿನ ಜೋರು ಸುತ್ತು ಬರುತ್ತಿದ್ದರೆ ಅದು ಹೆಚ್ಚಾಗಿ ಒಳಕಿವಿಯ ಸುಣ್ಣದ ಹರಳುಗಳು ಜಾಗ ತಪ್ಪಿದ್ದರಿಂದ. ಅದಕ್ಕೆ ಎಪ್ಲಿ ವಿಧಾನದಂಥ ತಲೆ ಹೊರಳಿಸುವ ಚಿಕಿತ್ಸೆ ಇದೆ, ಅನೇಕರಿಗೆ ಒಂದೆರಡು ಸಲದಲ್ಲೇ ಗುಣವಾಗುತ್ತದೆ. ಪಿಪಿಪಿಡಿ ಇರುವವರಿಗೆ ಇದೂ ಜೊತೆಗಿರಬಹುದು, ಆದ್ದರಿಂದ ಪರೀಕ್ಷೆ ಮಾಡಿಸದೆ ಬಿಡಬಾರದು.

ಮಾತ್ರೆಗಳ ಬಗ್ಗೆ ಒಂದು ಮಾತು. ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್ ತರಹದ ತಲೆಸುತ್ತಿನ ಮಾತ್ರೆಗಳು ಜೋರು ಸುತ್ತಿನ ಮೊದಲ ಕೆಲವು ದಿನಕ್ಕೆ ಒಳ್ಳೆಯವು. ನಮ್ಮಲ್ಲಿ ಅದೇ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುವವರು ಎಷ್ಟೋ ಜನ. ಅವು ಸಮತೋಲನದ ಸುದ್ದಿಯನ್ನೇ ಮಂದ ಮಾಡುತ್ತವೆ, ಹಾಗಾಗಿ ಮಿದುಳು ಹೊಸದಾಗಿ ಕಲಿಯುವುದಕ್ಕೆ ಅಡ್ಡಿಯಾಗುತ್ತದೆ. ಬಹಳ ಕಾಲ ತೆಗೆದುಕೊಂಡರೆ, ಅದರಲ್ಲೂ ವಯಸ್ಸಾದವರಲ್ಲಿ, ಪಾರ್ಕಿನ್ಸನ್ ಹೋಲುವ ನಡುಕ, ಬಿಗಿತ ಬರಬಹುದು. ಹಾಗೆಂದು ಯಾವ ಮಾತ್ರೆಯನ್ನೂ ತಾವಾಗಿಯೇ ನಿಲ್ಲಿಸಬೇಡಿ. ಆತಂಕಕ್ಕೆ, ಖಿನ್ನತೆಗೆ ಕೊಡುವ ಮಾತ್ರೆಗಳು ಬೇರೆ. ಅವುಗಳಿಂದ ಪಿಪಿಪಿಡಿ ಇರುವ ಕೆಲವರಿಗೆ ಸಹಾಯವಾಗುತ್ತದೆ. ಕೆಳಗೆ ಹೇಳುವುದನ್ನು ಅವುಗಳ ಜೊತೆಗೂ ಮಾಡಬಹುದು.

ತಲೆಸುತ್ತನ್ನೇ ಅಳೆದು ಕೊಡುವುದು

ತಲೆ ತಿರುಗುವವರಿಗೆ ಮನೆಯಲ್ಲಿ ಎಲ್ಲರೂ ಹೇಳುವುದು ಒಂದೇ: ಅಲ್ಲಾಡಬೇಡ, ಮಲಗು, ರೆಸ್ಟ್ ತಗೋ. ಪ್ರೀತಿಯಿಂದಲೇ ಹೇಳುತ್ತಾರೆ. ಪಿಪಿಪಿಡಿಯಲ್ಲಿ ಬೇಕಾದದ್ದು ಇದರ ಉಲ್ಟಾ. ಸಂಕ ಇಲ್ಲ, ನೆಲ ಗಟ್ಟಿಯಿದೆ ಎಂದು ಮಿದುಳಿಗೆ ಬಾಯಲ್ಲಿ ಹೇಳಿದರೆ ಕೇಳುವುದಿಲ್ಲ. ಓಡಾಡಿ, ಓಲಾಡಿ, ಏನೂ ಆಗಲಿಲ್ಲ ಎಂದು ಅದೇ ನೂರು ಸಲ ಕಂಡುಕೊಳ್ಳಬೇಕು. ಚಿಕಿತ್ಸೆ ಎಂದರೆ ತಲೆಸುತ್ತನ್ನು ತಪ್ಪಿಸುವುದಲ್ಲ. ಅದನ್ನು ಸಣ್ಣ ಸಣ್ಣ ಅಳತೆಯಲ್ಲಿ, ಬೇಕೆಂದೇ ಬರಿಸಿಕೊಳ್ಳುವುದು.

ಇದಕ್ಕೆ ವೆಸ್ಟಿಬ್ಯುಲರ್ ರಿಹ್ಯಾಬಿಲಿಟೇಶನ್ ಎನ್ನುತ್ತಾರೆ, ಸಮತೋಲನದ ವ್ಯಾಯಾಮ ಎಂದಿಟ್ಟುಕೊಳ್ಳೋಣ. ಇದರ ಬೇರು ಎರಡನೇ ಮಹಾಯುದ್ಧದ ಕಾಲದ ಇಂಗ್ಲೆಂಡಿನಲ್ಲಿದೆ. ಟೆರೆನ್ಸ್ ಕಾಥಾರ್ನ್ ಎಂಬ ಕಿವಿ ಶಸ್ತ್ರವೈದ್ಯರು, ಕುಕ್ಸಿ ಎಂಬ ಪುನಶ್ಚೇತನ ವೈದ್ಯರು ಒಂದು ವಿಷಯ ಗಮನಿಸಿದರು. ತಲೆಗೆ ಪೆಟ್ಟಾಗಿ ಅಥವಾ ಕಿವಿಯ ಶಸ್ತ್ರಚಿಕಿತ್ಸೆಯಾಗಿ ತಲೆ ತಿರುಗುತ್ತಿದ್ದವರಲ್ಲಿ ಬೇಗ ಎದ್ದು ಓಡಾಡಿದವರು ಬೇಗ ಸುಧಾರಿಸುತ್ತಿದ್ದರು. ಅವರು ರೂಪಿಸಿದ ಕಣ್ಣು, ತಲೆ, ಮೈ ಚಲನೆಗಳ ಕ್ರಮ ಇಂದಿಗೂ ಅವರ ಹೆಸರಲ್ಲೇ ಬಳಕೆಯಲ್ಲಿದೆ.

ಚಿಕ್ಕಮ್ಮನಿಗೆ ಫಿಸಿಯೋಥೆರಪಿಸ್ಟ್ ಕೊಟ್ಟ ಮೊದಲ ಪಾಠ ನೋಡಲು ತೀರಾ ಸರಳ. ಒಂದು ಚೀಟಿಯಲ್ಲಿ ‘ಕ’ ಎಂದು ಬರೆದು ಗೋಡೆಗೆ ಅಂಟಿಸುವುದು. ಎದುರಿಗೆ ಕುರ್ಚಿ ಹಾಕಿ ಕೂರುವುದು. ಅಕ್ಷರದಿಂದ ಕಣ್ಣು ಕದಲಿಸದೆ ತಲೆಯನ್ನು ‘ಊಹೂಂ’ ಎನ್ನುವ ಹಾಗೆ ಎಡಕ್ಕೆ ಬಲಕ್ಕೆ ಆಡಿಸುವುದು, ಆಮೇಲೆ ‘ಹೂಂ’ ಎನ್ನುವ ಹಾಗೆ ಮೇಲೆ ಕೆಳಗೆ. ಅಕ್ಷರ ಮಸುಕಾಗಬಾರದು. ಮೂವತ್ತು ಸೆಕೆಂಡು, ದಿನಕ್ಕೆ ಮೂರು ಸಲ. ಮೊದಲ ದಿನ ಹದಿನೈದನೇ ಸೆಕೆಂಡಿಗೆ ಅವರು ಕುರ್ಚಿಯ ಕೈ ಹಿಡಿದರು. ಮುಂದೆ ಇದನ್ನೇ ನಿಂತು, ಪಾದ ಜೋಡಿಸಿ ನಿಂತು, ದಿಂಬಿನ ಮೇಲೆ ನಿಂತು, ನಡೆಯುತ್ತಾ ಮಾಡುವುದು.

ಅಳತೆ ಹೇಗೆ? ಶುರು ಮಾಡುವ ಮುಂಚೆ ತಲೆಸುತ್ತಿಗೆ ಹತ್ತರಲ್ಲಿ ಒಂದು ಅಂಕ ಕೊಡಿ. ವ್ಯಾಯಾಮ ಮಾಡಿದಾಗ ಅದು ಎರಡು ಮೂರು ಅಂಕ ಏರಿ, ಹದಿನೈದಿಪ್ಪತ್ತು ನಿಮಿಷದಲ್ಲಿ ಮೊದಲಿನ ಮಟ್ಟಕ್ಕೆ ಇಳಿದರೆ ಅಳತೆ ಸರಿ. ಏರದೇ ಇದ್ದರೆ ಮಿದುಳಿಗೆ ಕಲಿಯಲು ಏನೂ ಸಿಗಲಿಲ್ಲ. ಮಧ್ಯಾಹ್ನದವರೆಗೂ ಇಳಿಯದಿದ್ದರೆ ಜಾಸ್ತಿಯಾಯಿತು, ನಾಳೆ ಅರ್ಧ ಮಾಡಿ. ಪಿಪಿಪಿಡಿ ಇರುವವರು ಕಿವಿ ಮಾತ್ರ ದುರ್ಬಲವಾದವರಿಗಿಂತ ನಿಧಾನವಾಗಿ ಏರಬೇಕು. ಹುಮ್ಮಸ್ಸಿನಲ್ಲಿ ಮೊದಲ ವಾರವೇ ಎಲ್ಲ ಮಾಡಲು ಹೋಗಿ, ಕಂಗೆಟ್ಟು, ಪೂರ್ತಿ ಬಿಟ್ಟವರೇ ಜಾಸ್ತಿ.

ಕಣ್ಣಿಗೂ ಹೀಗೆಯೇ ತರಬೇತಿ. ಮನೆಯಲ್ಲಿ ಕೂತು ಚಲಿಸುವ ಪಟ್ಟೆಗಳ, ಜನಜಂಗುಳಿಯ ವಿಡಿಯೋ ಒಂದು ನಿಮಿಷ ನೋಡುವುದು. ಮೊದಲು ಚಿಕ್ಕ ಮೊಬೈಲ್, ಆಮೇಲೆ ಟಿವಿ. ಆಮೇಲೆ ಖಾಲಿ ಹೊತ್ತಿನ ಅಂಗಡಿ, ಸಂಜೆಯ ಅಂಗಡಿ, ಬಸ್ಸಿನ ಕಿಟಕಿ, ಜಾತ್ರೆ. ಬೆಂಗಳೂರಿನಲ್ಲಿದ್ದರೆ ಮೆಟ್ರೋ ಎಸ್ಕಲೇಟರ್ ಒಂದು ದೊಡ್ಡ ಪರೀಕ್ಷೆ. ಲಂಡನ್ನಿನ ಅಡಾಲ್ಫೊ ಬ್ರಾನ್‌ಸ್ಟೀನ್ ಮತ್ತು ಜೊತೆಗಾರರು ಕಣ್ಣಿನಿಂದ ಹೆಚ್ಚಾಗುವ ತಲೆಸುತ್ತಿಗೆ ಇಂಥ ದೃಶ್ಯ ಸೇರಿಸಿದ ವ್ಯಾಯಾಮದಿಂದ ಹೆಚ್ಚು ಲಾಭ ಎಂದು ತೋರಿಸಿದ್ದಾರೆ. ಕೆಲವು ಕಡೆ ಈಗ ವಿಆರ್ ಕನ್ನಡಕ ಹಾಕಿಸಿ ಇದನ್ನೇ ಮಾಡಿಸುತ್ತಾರೆ. ಅದಿಲ್ಲದಿದ್ದರೂ ನಡೆಯುತ್ತದೆ.

ಗೋಡೆ ಹಿಡಿದ ಕೈ

ವ್ಯಾಯಾಮಕ್ಕಿಂತ ಕಷ್ಟವಾದದ್ದು ಇನ್ನೊಂದಿತ್ತು. ಚಿಕ್ಕಮ್ಮ ಗೋಡೆ ಸವರುತ್ತಲೇ ನಡೆಯುತ್ತಿದ್ದರು. ಅಂಗಡಿಯಲ್ಲಿ ಟ್ರಾಲಿ ಬೇಕು, ರಸ್ತೆಯಲ್ಲಿ ಚಿಕ್ಕಪ್ಪನ ತೋಳು ಬೇಕು, ಬಿಸಿಲಿರಲಿ ಮಳೆಯಿರಲಿ ಕೈಯಲ್ಲೊಂದು ಕೊಡೆ ಬೇಕು. ಬೀಳದೇ ಇದ್ದಾಗಲೆಲ್ಲ ಮಿದುಳು ಕಲಿಯುತ್ತಿದ್ದುದು "ನಾನು ಗಟ್ಟಿ" ಎಂದಲ್ಲ, "ಗೋಡೆ ಇತ್ತು, ಬದುಕಿದೆ" ಎಂದು.

ಇಲ್ಲಿ ಕೆಲಸಕ್ಕೆ ಬರುವುದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ. ಮನೋವಿಜ್ಞಾನದಲ್ಲಿ ತರಬೇತಿ ಪಡೆದವರು ಮಾಡುತ್ತಾರೆ. ಬರೀ ಸಮಾಧಾನ ಹೇಳುವುದಲ್ಲ. ನಿಮ್ಮ ಹೆದರಿಕೆ ನಿಜವಾಗಿ ಏನು ಹೇಳುತ್ತಿದೆ ಎಂದು ಬಿಡಿಸಿ ಕೇಳುತ್ತಾರೆ: "ಕೈ ಬಿಟ್ಟರೆ ಬೀಳುತ್ತೇನೆ". ಆಮೇಲೆ ಆ ಮಾತನ್ನು ಪರೀಕ್ಷೆಗೆ ಇಡುತ್ತಾರೆ. ಅಂಗೈಯ ಬದಲು ಎರಡು ಬೆರಳು. ಆಮೇಲೆ ಒಂದು ಬೆರಳು. ಆಮೇಲೆ ಕೈ ಗೋಡೆಯ ಹತ್ತಿರ, ಆದರೆ ಮುಟ್ಟುವ ಹಾಗಿಲ್ಲ. ಎಷ್ಟು ಸಲ ಬಿದ್ದಿರಿ ಎಂದು ಬರೆದಿಡುವುದು. ಚಿಕ್ಕಮ್ಮನ ಪುಸ್ತಕದಲ್ಲಿ ಆ ಕಾಲಂ ತುಂಬಾ ಬರೀ ಸೊನ್ನೆ.

ಗಮನ ಎಲ್ಲಿದೆ ಎಂಬುದೂ ಮುಖ್ಯ. ಇಂಥ ರೋಗಿಗಳು ಸುಮ್ಮನೆ ನಿಂತಾಗ ಉಳಿದವರಿಗಿಂತ ಬೇರೆ ರೀತಿ ಓಲಾಡುತ್ತಾರೆ. ಕಷ್ಟದ ಭಂಗಿ ಕೊಟ್ಟಾಗ ಉಳಿದವರಷ್ಟೇ ಚೆನ್ನಾಗಿ ನಿಲ್ಲುತ್ತಾರೆ ಎಂದು ಜರ್ಮನಿಯ ಸಂಶೋಧಕರು ಅಳೆದು ನೋಡಿದ್ದಾರೆ. ಅಂದರೆ ನಿಲ್ಲುವ ಶಕ್ತಿ ಹೋಗಿಲ್ಲ. ತಾನಾಗಿ ನಡೆಯಬೇಕಾದ ಕೆಲಸಕ್ಕೆ ಮನಸ್ಸು ಅಡ್ಡ ಬಂದು ಲೆಕ್ಕ ಕೇಳುತ್ತಿದೆ. ನಿಂತುಕೊಂಡು ನೂರರಿಂದ ಏಳೇಳು ಕಳೆಯುತ್ತಾ ಎಣಿಸುವುದು, ನಡೆಯುತ್ತಾ ಫೋನಿನಲ್ಲಿ ಮಾತಾಡುವುದು ಅನೇಕರಿಗೆ ಓಲಾಟ ಕಡಿಮೆ ಮಾಡುತ್ತದೆ. ಅದಕ್ಕೇ ಮನೆಯವರಲ್ಲಿ ಒಂದು ಕೋರಿಕೆ: "ಈಗ ತಲೆಸುತ್ತು ಹೇಗಿದೆ?" ಎಂದು ಗಂಟೆಗೊಮ್ಮೆ ಕೇಳಬೇಡಿ. ನಾವು ಕೇಳುತ್ತಿದ್ದೆವು. ಪ್ರತಿ ಸಲ ಅವರು ಒಳಗೆ ಹೋಗಿ ಹುಡುಕಿ ನೋಡುತ್ತಿದ್ದರು, ಪ್ರತಿ ಸಲ ಅದು ಅಲ್ಲೇ ಇರುತ್ತಿತ್ತು. "ಇವತ್ತು ಎಲ್ಲಿಗೆ ಹೋಗಿದ್ದಿರಿ ಚಿಕ್ಕಮ್ಮ?" ಎಂದು ಕೇಳಲು ನಾವು ಕಲಿಯಬೇಕಾಯಿತು.

ಉಸಿರಾಟ, ಯೋಗ ಸಹಾಯವೇ. ಆದರೆ ಯಾವುದು ಎಂದು ನೋಡಿಕೊಳ್ಳಬೇಕು. ಕಪಾಲಭಾತಿ, ಭಸ್ತ್ರಿಕದಂಥ ವೇಗದ ಉಸಿರಾಟ ಕೆಲವರಿಗೆ ತಲೆಯನ್ನು ಇನ್ನಷ್ಟು ಹಗುರ ಮಾಡುತ್ತದೆ. ಮೂಗಿನಲ್ಲಿ ಮೆಲ್ಲಗೆ ಒಳಗೆ, ಅದಕ್ಕಿಂತ ನಿಧಾನವಾಗಿ ಹೊರಗೆ ಬಿಡುವುದು ಸುರಕ್ಷಿತ. ದಿನಾ ನಡೆಯುವುದು ಒಳ್ಳೆಯದು, ಕಣ್ಣು ಪಾದದ ಮೇಲಲ್ಲ, ದೂರದ ಮರದ ಮೇಲೆ.

ಎಷ್ಟು ನಂಬಬಹುದು

ಇದೆಲ್ಲ ಎಲ್ಲರಿಗೂ ಫಲ ಕೊಡುತ್ತದೆ ಎಂದು ನಾನು ಹೇಳುವುದಿಲ್ಲ. 2012ರಲ್ಲಿ ಆಸ್ಟ್ರೇಲಿಯಾದಲ್ಲಿ 41 ಜನರೊಂದಿಗೆ ನಡೆದ ಅಧ್ಯಯನದಲ್ಲಿ ಸಿಬಿಟಿಯ ಮೂರೇ ಭೇಟಿಗಳಿಂದ ಒಳ್ಳೆಯ ಸುಧಾರಣೆ ಕಂಡಿತು, ಆರು ತಿಂಗಳಾದರೂ ಉಳಿಯಿತು. ಸ್ವೀಡನ್ನಿನ ಅದಕ್ಕಿಂತ ಹಳೆಯ ಅಧ್ಯಯನದಲ್ಲಿ ಮೊದಲು ಕಂಡ ಲಾಭ ಒಂದು ವರ್ಷದ ಹೊತ್ತಿಗೆ ಉಳಿದಿರಲಿಲ್ಲ. 2023ರಲ್ಲಿ, ಚಿಕಿತ್ಸೆಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ ಪಿಪಿಪಿಡಿಯ ಮಾತ್ರೆಯಿಲ್ಲದ ಚಿಕಿತ್ಸೆಗಳ ಅಧ್ಯಯನಗಳನ್ನು ಜಾಲಾಡಿದಾಗ ಗಟ್ಟಿಯಾದವು ಬೆರಳೆಣಿಕೆಯಷ್ಟೂ ಸಿಗಲಿಲ್ಲ. ಫಲವಿಲ್ಲ ಎಂದು ಇದರರ್ಥವಲ್ಲ, ಇನ್ನೂ ಸರಿಯಾಗಿ ಅಳೆದಿಲ್ಲ ಎಂದು. ನೆತ್ತಿಗೆ ಸಣ್ಣ ವಿದ್ಯುತ್ ಹಾಯಿಸುವಂಥ ಹೊಸ ವಿಧಾನಗಳಿಗೆ ದುಡ್ಡು ಸುರಿಯುವ ಮುಂಚೆ ಇದು ನೆನಪಿರಲಿ.

ನನಗೆ ಹೆಚ್ಚು ಧೈರ್ಯ ಕೊಟ್ಟದ್ದು ಲೂಸಿ ಯಾರ್ಡ್ಲಿ ಎಂಬ ಮನೋವಿಜ್ಞಾನಿಯ ತಂಡ ಇಂಗ್ಲೆಂಡಿನಲ್ಲಿ ಮಾಡಿದ ಕೆಲಸ. ಬಹುಕಾಲದ ತಲೆಸುತ್ತಿದ್ದ 337 ಜನರಲ್ಲಿ ಕೆಲವರಿಗೆ ವ್ಯಾಯಾಮದ ಪುಸ್ತಿಕೆ, ಕೆಲವರಿಗೆ ಪುಸ್ತಿಕೆಯ ಜೊತೆ ಫೋನಿನಲ್ಲಿ ಸಲಹೆ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಅದು 2012ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಒಂದು ವರ್ಷಕ್ಕೆ ಪುಸ್ತಿಕೆ ಸಿಕ್ಕ ಎರಡೂ ಗುಂಪಿನವರು ಉಳಿದವರಿಗಿಂತ ಚೆನ್ನಾಗಿದ್ದರು. ಅವರೆಲ್ಲರಿಗೂ ಪಿಪಿಪಿಡಿ ಇತ್ತು ಎಂದಲ್ಲ. ಆದರೆ ಮೂರು ತಿಂಗಳಿಗೆ ಕೈಬಿಟ್ಟಿದ್ದರೆ ಏನು ಕಳೆದುಕೊಳ್ಳುತ್ತಿದ್ದರು ನೋಡಿ.

ನಮ್ಮಲ್ಲಿ ಎಲ್ಲಿಗೆ ಹೋಗುವುದು? ಮೊದಲು ಕಿವಿ ಮೂಗು ಗಂಟಲು ವೈದ್ಯರು ಅಥವಾ ನರರೋಗ ವೈದ್ಯರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಳಕಿವಿಯ ಸಮತೋಲನದ ಪರೀಕ್ಷೆಗಳಾಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಮತ್ತು ಮನೋರೋಗ ವಿಭಾಗಗಳು ಒಂದೇ ಆವರಣದಲ್ಲಿವೆ, ಈ ಕಾಯಿಲೆಗೆ ಅದು ದೊಡ್ಡ ಅನುಕೂಲ. ಆತಂಕ ಮೇಲುಗೈಯಾದಾಗ ಮನೆಯಿಂದಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫಿಸಿಯೋಥೆರಪಿಸ್ಟ್ ಹತ್ತಿರ ಹೋದಾಗ ಸಮತೋಲನದ ವ್ಯಾಯಾಮ ಮಾಡಿಸಿ ಅನುಭವ ಇದೆಯೇ ಎಂದು ಕೇಳಿ. ಕುತ್ತಿಗೆಗೆ ಬಿಸಿ ಶಾಖ ಕೊಟ್ಟು ಕಳಿಸಿದರೆ ಇದು ಹೋಗುವುದಿಲ್ಲ.

ಚಿಕ್ಕಮ್ಮನಿಗೆ ಸುಮಾರು ಎಂಟು ತಿಂಗಳು ಹಿಡಿಯಿತು. ಏರುಮುಖವಾಗಿ ನೇರ ಹೋಗಲಿಲ್ಲ. ನಿದ್ದೆಗೆಟ್ಟ ಮದುವೆ ಮನೆಯ ಮರುದಿನ ಮತ್ತೆ ತೇಲಿದರು. ಕಳೆದ ಮಳೆಗಾಲದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿ ಎದ್ದಾಗ ಎಲ್ಲ ವಾಪಸ್ ಬಂದಂತಾಯಿತು. ಈ ಸಲ ಎಂಆರ್‌ಐಗೆ ಓಡಲಿಲ್ಲ. ಅಡುಗೆಮನೆ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ, ಎಣ್ಣೆ ಹಿಡಿದು ಹಳದಿಯಾದ ‘ಕ’ ಇನ್ನೂ ಇತ್ತು. ಅದರೆದುರು ಕುರ್ಚಿ ಎಳೆದುಕೊಂಡು ಕೂತರು. ಮೂವತ್ತು ಸೆಕೆಂಡು, ದಿನಕ್ಕೆ ಮೂರು ಸಲ. ಹದಿನೈದು ದಿನಕ್ಕೆ ಒಬ್ಬರೇ ಸಂತೆಗೆ ಹೋಗಿ ಬಂದರು. ಕೈಯಲ್ಲಿ ಚೀಲ ಇತ್ತು, ಕೊಡೆ ಇರಲಿಲ್ಲ.